ಮನೆಬಾಗಿಲಿಗೆ ಬರುವ 'ಆರೋಗ್ಯಕರ' ದಿನಸಿ: ಒಂದು ತುಲನೆ

ಮಹಾನಗರಗಳಲ್ಲಿ ನೆಲೆ ನಿಂತ ಕನ್ನಡಿಗರ ಮನೆಗಳಲ್ಲಿ ದಿನಸಿ ತರುವ ಕೆಲಸಕ್ಕೆ ಒಂದು ಕಾಲದಲ್ಲಿ ನಿಶ್ಚಿತವಾದ ಕ್ರಮವಿತ್ತು. ಸಂಬಳವಾದ ಬಳಿಕದ ಮೊದಲ ಭಾನುವಾರ ಮನೆಯೊಡತಿ ಚೀಟಿ ಬರೆಯುವುದು, ಮನೆಯೊಡೆಯ ಎರಡು ಕೈಚೀಲ ಹಿಡಿದು ಮಾಟುಂಗದ ಮಾರುಕಟ್ಟೆಗೋ ತನ್ನ ಉಪನಗರದ ಮಂಗಳೂರು ಸ್ಟೋರ್ಸಿಗೋ ಹೋಗುವುದು, ಕುಚ್ಚಲಕ್ಕಿಯ ಜೊತೆಗೆ ಊರಿನ ನಾಲ್ಕು ಸುದ್ದಿಗಳನ್ನೂ ಕಟ್ಟಿಸಿಕೊಂಡು ಬರುವುದು. ಇಂದು ಆ ಚೀಟಿ ಮೊಬೈಲಿನೊಳಗೆ ಸೇರಿದೆ. ಬೆರಳೊತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಈಚೆಗಂತೂ ಬರಿಯ ಸಾಮಾನಲ್ಲ, 'ಆರೋಗ್ಯ'ವೇ ಬರುತ್ತದೆ ಎಂಬ ಭರವಸೆ ಜೊತೆಗಿದೆ.

ಕಳೆದ ವರ್ಷ ನಮ್ಮ ಬ್ಯಾಂಕಿನ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ರಕ್ತದ ಸಕ್ಕರೆ ಗಡಿ ದಾಟಿದೆಯೆಂದು ತಿಳಿದುಬಂದಾಗ ನಾವೂ ಈ ಭರವಸೆಗೆ ಮಾರುಹೋದವರೇ. ವೈದ್ಯರು ಔಷಧಿಗೆ ಮೊದಲು ಊಟವನ್ನು ಬದಲಿಸಿ ನೋಡೋಣವೆಂದರು. ಪುಣೆಯಲ್ಲಿರುವ ಮಗಳು ರಜೆಗೆ ಬಂದವಳು ನಮ್ಮ ಫೋನಿನಲ್ಲಿ ನಾಲ್ಕು ಆ್ಯಪ್‌ಗಳನ್ನು ಹಾಕಿ, "ಅಪ್ಪಾ, ಇನ್ನು ಅಂಗಡಿ ಅಲೆಯುವುದು ಬೇಡ, ಆರೋಗ್ಯಕರವಾದ್ದೆಲ್ಲ ಇದರಲ್ಲೇ ಉಂಟು" ಎಂದಳು. ಮೂವತ್ತು ವರ್ಷ ಲೆಕ್ಕದ ಪುಸ್ತಕ ನೋಡಿದ ಅಭ್ಯಾಸಬಲದಿಂದ ನಾವು ಒಂದೇ ಚೀಟಿಯನ್ನು ಮೂರು ತಿಂಗಳ ಕಾಲ ಬೇರೆಬೇರೆ ಸೇವೆಗಳಿಗೆ ಕೊಟ್ಟು, ಬಂದುದನ್ನು ತೂಗಿ, ಬಿಲ್ಲುಗಳನ್ನು ಕೂಡಿಟ್ಟೆವು. ಆ ಅನುಭವವನ್ನೂ, ಈಚಿನ ವರ್ಷಗಳಲ್ಲಿ ಈ ವ್ಯವಹಾರದಲ್ಲಿ ಆದ ಸಾರ್ವಜನಿಕ ಬೆಳವಣಿಗೆಗಳನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಈ ವ್ಯಾಪಾರದ ತವರು ಬೆಂಗಳೂರೆಂದರೆ ತಪ್ಪಾಗದು. 1999ರಲ್ಲಿಯೇ ಅಲ್ಲಿ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲ ಅಂಗಡಿ ತೆರೆದಿತ್ತು. ಕಾಲ ಕೂಡಿಬರಲಿಲ್ಲ. ಅದು ಬೀದಿಬದಿಯ ಮಳಿಗೆಗಳ ಸರಣಿಯಾಗಿ ಮಾರ್ಪಟ್ಟು 2006ರಲ್ಲಿ ಆದಿತ್ಯ ಬಿರ್ಲಾ ಸಮೂಹದ ಕೈಸೇರಿತು. ಅದೇ ತಂಡದವರು 2011ರಲ್ಲಿ ಮತ್ತೆ ಕೈಹಾಕಿ ಕಟ್ಟಿದ್ದೇ ಬಿಗ್‌ಬ್ಯಾಸ್ಕೆಟ್. 2021ರಲ್ಲಿ ಅದರ ಬಹುಪಾಲು ಒಡೆತನ ಟಾಟಾ ಸಮೂಹಕ್ಕೆ ಸೇರಿತು. 2013ರಲ್ಲಿ ಹುಟ್ಟಿದ ಗ್ರೋಫರ್ಸ್ 2021ರ ಡಿಸೆಂಬರಿನಲ್ಲಿ ಬ್ಲಿಂಕಿಟ್ ಎಂಬ ಹೆಸರು ತಳೆದು, ಮರುವರ್ಷ ಜೊಮ್ಯಾಟೊದ ಪಾಲಾಯಿತು. ಸ್ವಿಗ್ಗಿಯ ಇನ್‌ಸ್ಟಾಮಾರ್ಟ್ 2020ರದು, ಜೆಪ್ಟೊ 2021ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಆರಂಭವಾದದ್ದು. ಜಿಯೋಮಾರ್ಟ್ ತನ್ನ ಮೊದಲ ಪ್ರಯೋಗಕ್ಕೆ 2019ರ ಕೊನೆಯಲ್ಲಿ ಆಯ್ದುಕೊಂಡದ್ದು ನವಿ ಮುಂಬಯಿ, ಠಾಣೆ ಮತ್ತು ಕಲ್ಯಾಣಗಳನ್ನು, ಅಂದರೆ ನಮ್ಮವರು ಹೆಚ್ಚಾಗಿ ವಾಸಿಸುವ ಪ್ರದೇಶಗಳನ್ನೇ. ಎಲ್ಲರೂ ಉಳಿದರೆಂದಲ್ಲ. ಬೆಂಗಳೂರಿಗರ ಮನೆಮಾತಾಗಿದ್ದ ಡನ್ಜೊ 2025ರ ಆರಂಭದಲ್ಲಿ ಬಾಗಿಲು ಹಾಕಿತು.

ಹೆಸರುಗಳು ಹಲವಾದರೂ ಸೇವೆಗಳ ಬಗೆ ಮೂರೇ. ಮೊದಲನೆಯದು, ನಾವು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಮರುದಿನ, ದೊಡ್ಡ ಗೋದಾಮಿನಿಂದ ಇಡೀ ತಿಂಗಳ ದಿನಸಿ ತರುವಂಥದು. ಎರಡನೆಯದು, ಬಡಾವಣೆಯ ಒಳಗಿನ ಚಿಕ್ಕ ಗೋದಾಮಿನಿಂದ ಹತ್ತು-ಹದಿನೈದು ನಿಮಿಷದಲ್ಲಿ ಓಡಿಬರುವ ದಿಢೀರ್ ಸೇವೆ. ಗಿರಾಕಿಗೆ ಪ್ರವೇಶವಿಲ್ಲದ ಈ ಗೋದಾಮಿಗೆ ಡಾರ್ಕ್ ಸ್ಟೋರ್ ಎಂದು ಹೆಸರು. ಮೂರನೆಯದು, ಹಾಲು ಹಣ್ಣು ತರಕಾರಿಗಳನ್ನು ಕೃಷಿಕರಿಂದ ನೇರವಾಗಿ ತರುತ್ತೇವೆನ್ನುವ, ಬೆಳಗಿನ ಜಾವ ಬಾಗಿಲಲ್ಲಿ ಇಟ್ಟುಹೋಗುವ ಚಂದಾ ಸೇವೆ.

ಮೊದಲು ಹಣದ ಮಾತು. ಪೊಟ್ಟಣದ ಸಾಮಾನುಗಳ ಬೆಲೆಯಲ್ಲಿ ನಮಗೆ ಕಂಡ ವ್ಯತ್ಯಾಸ ಅಲ್ಪ. ನಿಜವಾದ ವ್ಯತ್ಯಾಸ ಇರುವುದು ಬಿಲ್ಲಿನ ಕೊನೆಯ ನಾಲ್ಕು ಸಾಲುಗಳಲ್ಲಿ. ವಿತರಣಾ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಬುಟ್ಟಿಯ ಶುಲ್ಕ, ಮಳೆ ಬಂದರೆ ಮಳೆಯ ಶುಲ್ಕ! 200 ರೂಪಾಯಿಯ ಸೊಪ್ಪು ತರಕಾರಿಗೆ ಇವೆಲ್ಲ ಕೂಡಿ 40 ರೂಪಾಯಿಯಾದರೆ ಅದು ಶೇಕಡಾ 20. ನಮ್ಮ ಬ್ಯಾಂಕು ಮನೆಸಾಲಕ್ಕೆ ಆ ದರ ಕೇಳಿದರೆ ಗ್ರಾಹಕರು ಕೌಂಟರ್ ಹಾರಿ ಒಳಗೆ ಬಂದಾರು. ಅದೇ ಮನುಷ್ಯರು ಇಲ್ಲಿ ಬಾಯಿಬಿಡದೆ ಕೊಡುತ್ತಾರೆ, ನಾವೂ ಕೊಟ್ಟಿದ್ದೇವೆ.

ಈ ಶುಲ್ಕವನ್ನು ತಪ್ಪಿಸುವ ದಾರಿಯನ್ನೂ ಅವರೇ ತೋರಿಸುತ್ತಾರೆ. "ಇನ್ನು 31 ರೂಪಾಯಿಯ ಸಾಮಾನು ಸೇರಿಸಿದರೆ ವಿತರಣೆ ಉಚಿತ" ಎಂಬ ಸಾಲು ಮೂಡುತ್ತದೆ, ಅದರ ಕೆಳಗೆ ಸೇರಿಸಬಹುದಾದ ಪದಾರ್ಥಗಳ ಚಿತ್ರ. ಮೂರು ತಿಂಗಳಲ್ಲಿ ಆ ಜಾಗದಲ್ಲಿ ಪಡವಲಕಾಯಿಯನ್ನಾಗಲಿ ಹೆಸರುಕಾಳನ್ನಾಗಲಿ ನಾವು ಕಾಣಲಿಲ್ಲ. ಚಿಪ್ಸ್, ಚಾಕೊಲೇಟು, ಕೆನೆ ತುಂಬಿದ ಬಿಸ್ಕತ್ತು. ಮಧುಮೇಹಕ್ಕೆಂದು ಮೆಂತ್ಯ, ಹಾಗಲಕಾಯಿ ತರಿಸಹೊರಟ ನಮ್ಮ ಬುಟ್ಟಿಗೆ ಹೀಗೆ ಸೇರಿದ ತಿನಿಸುಗಳ ಮೊತ್ತವನ್ನು ತಿಂಗಳ ಕೊನೆಗೆ ಕೂಡಿದಾಗ ನಮಗೇ ನಾಚಿಕೆಯಾಯಿತು. ಆರೋಗ್ಯಕರ ದಿನಸಿ ಸೇವೆಗಳನ್ನು ಹೋಲಿಸುವವರು ಸಾಮಾನಿನ ಗುಣವನ್ನು ನೋಡುತ್ತಾರೆಯೇ ಹೊರತು ಆ ಕೊನೆಯ ಪರದೆಯನ್ನು ನೋಡುವುದಿಲ್ಲ. ನಮ್ಮ ಮಟ್ಟಿಗೆ ಮನೆಯ ಊಟವನ್ನು ಕೆಡಿಸಿದ್ದು ಅದೇ. ದಿಢೀರ್ ಸೇವೆಯಲ್ಲಿ ಈ ಅಪಾಯ ಹೆಚ್ಚು. ತಿಂಗಳಿಗೊಮ್ಮೆ ತರಿಸುವವರು ಆ ಪರದೆಯನ್ನು ಒಮ್ಮೆ ದಾಟಿದರೆ, ದಿನಕ್ಕೊಮ್ಮೆ ತರಿಸುವವರು ಮೂವತ್ತು ಬಾರಿ ದಾಟಬೇಕು.

ಸರ್ಕಾರ ಕಣ್ಣು ಮುಚ್ಚಿ ಕುಳಿತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಗಿರಾಕಿಯ ಒಪ್ಪಿಗೆಯಿಲ್ಲದೆ ಬುಟ್ಟಿಗೆ ವಸ್ತುವನ್ನೋ ದೇಣಿಗೆಯನ್ನೋ ತೂರಿಸುವುದು, ಮೊದಲಿಗೆ ಕಡಿಮೆ ಬೆಲೆ ತೋರಿಸಿ ಕೊನೆಗೆ ಹನಿಹನಿಯಾಗಿ ಏರಿಸುವುದು ಇವೆರಡೂ ಆ ಪಟ್ಟಿಯಲ್ಲಿವೆ. ಆದರೆ ಚಿಪ್ಸಿನ ಚಿತ್ರ ತೋರಿಸುವುದು ಕಪಟವೆನಿಸದು, ಕೊಳ್ಳುವ ಬೆರಳು ನಮ್ಮದೇ.

ಇನ್ನು 'ಆರೋಗ್ಯಕರ' ಎಂಬ ಪದದ ವಿಚಾರ. ಈ ಆ್ಯಪ್‌ಗಳಲ್ಲಿ ಆರೋಗ್ಯದ ಹೆಸರಿನ ಪ್ರತ್ಯೇಕ ವಿಭಾಗಗಳುಂಟು. ಅಲ್ಲಿಟ್ಟದ್ದೆಲ್ಲ ಆರೋಗ್ಯಕರವೆಂದು ಯಾರು ನಿರ್ಧರಿಸಿದರು? ಈ ಪ್ರಶ್ನೆಗೆ 2024ರ ಏಪ್ರಿಲಿನಲ್ಲಿ ಒಂದು ಉತ್ತರ ಸಿಕ್ಕಿತು. ಆಹಾರ ಸುರಕ್ಷತೆ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಎಂಬ ಪದಕ್ಕೆ ವ್ಯಾಖ್ಯೆಯೇ ಇಲ್ಲವೆಂದು ಹೇಳಿ, ಬೋರ್ನ್‌ವಿಟಾ ಮೊದಲಾದ ಪೇಯಗಳನ್ನು ಆ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಅಂತರ್ಜಾಲ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಎರಡು ತಲೆಮಾರಿನ ಮಕ್ಕಳು ಬೆಳಿಗ್ಗೆ ಹಾಲಿಗೆ ಬೆರೆಸಿ ಕುಡಿದ ಪುಡಿಗಳು ಆರೋಗ್ಯದ ಕಪಾಟಿನಿಂದ ಕೆಳಗಿಳಿಯಬೇಕಾಯಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಪೊಟ್ಟಣದ ಮೇಲಣ ಮಾತನ್ನು ನಂಬಬೇಡಿರೆಂದು ನೇರವಾಗಿಯೇ ಎಚ್ಚರಿಸಿತು. 'ಶುಗರ್ ಫ್ರೀ' ಎಂಬುದರಲ್ಲಿ ಕೊಬ್ಬು ತುಂಬಿರಬಹುದು, ನೈಜ ಹಣ್ಣಿನದೆಂಬ ಪೇಯದಲ್ಲಿ ಹಣ್ಣಿನ ತಿರುಳು ಶೇಕಡಾ 10ರಷ್ಟೇ ಇರಬಹುದು ಎಂದು ಅದು ಉದಾಹರಣೆ ಕೊಟ್ಟಿತು.

ಕಾನೂನಿನಲ್ಲಿ ಕೆಲವು ಪದಗಳಿಗೆ ಖಚಿತ ಅಳತೆಯಿದೆ. 100 ಗ್ರಾಂ ಘನಾಹಾರದಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆಯಿಲ್ಲದಿದ್ದರೆ ಮಾತ್ರ 'ಶುಗರ್ ಫ್ರೀ' ಎನ್ನಬಹುದು, 5 ಗ್ರಾಮಿನೊಳಗಿದ್ದರೆ 'ಲೋ ಶುಗರ್'. ನಾರಿನಂಶ ಅಧಿಕವೆನ್ನಬೇಕಾದರೆ 6 ಗ್ರಾಂ ಇರಬೇಕು. 'ಅಜ್ಜಿಯ ಕೈರುಚಿ', 'ಸಾತ್ವಿಕ' ಎಂಬಂಥ ಮಾತುಗಳನ್ನು ಹೀಗೆ ಗ್ರಾಮಿನಲ್ಲಿ ಅಳೆಯಲು ಬಾರದು. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವೇ ನಮಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು. ನಾವು ತರಿಸಿದ ಒಂದು 'ರಾಗಿ ಬಿಸ್ಕತ್ತಿ'ನ ಪಟ್ಟಿ ಮೈದಾದಿಂದ ಆರಂಭವಾಗಿ, ಸಕ್ಕರೆ ಮತ್ತು ತಾಳೆ ಎಣ್ಣೆಯನ್ನು ದಾಟಿ, ನಾಲ್ಕನೆಯ ಸ್ಥಾನದಲ್ಲಿ ರಾಗಿಯನ್ನು ತಲುಪಿತು. ಇನ್ನೊಂದು ಲಾಡಿನ ಡಬ್ಬಿಯ ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದಿತ್ತು, ಸೇರಿಸಿದ್ದು ಬೆಲ್ಲ. ನಾಲಿಗೆಗೆ ವ್ಯತ್ಯಾಸ ತಿಳಿದೀತು, ಮಧುಮೇಹಿಯ ರಕ್ತಕ್ಕೆ ಅಷ್ಟೇನೂ ತಿಳಿಯದು.

ಸೇವೆಗಳ ನಡುವೆ ನಮಗೆ ಮುಖ್ಯವಾಗಿ ಕಂಡ ಅಂತರ ಇಲ್ಲಿಯೇ. ಕೆಲವರು ಪೊಟ್ಟಣದ ಬೆನ್ನಿನ ಚಿತ್ರವನ್ನೂ ಹಾಕುತ್ತಾರೆ, ಹಿಗ್ಗಿಸಿದರೆ ಪಟ್ಟಿಯನ್ನು ಓದಬಹುದು. ಕೆಲವರು ಮುಂಭಾಗದ ಬಣ್ಣದ ಚಿತ್ರವನ್ನಷ್ಟೇ ತೋರಿಸುತ್ತಾರೆ. ತಿಂಗಳ ದಿನಸಿಯ ದೊಡ್ಡ ಸೇವೆಗಳಲ್ಲಿ ಮೊದಲ ಬಗೆ ಹೆಚ್ಚು ಕಂಡಿತು. ಓದುವ ವ್ಯವಧಾನವೂ ಅಲ್ಲೇ ಇರುತ್ತದೆನ್ನಿ, ಹತ್ತು ನಿಮಿಷದಲ್ಲಿ ಬರುವ ಸಾಮಾನಿನ ಪಟ್ಟಿಯನ್ನು ಹತ್ತು ನಿಮಿಷ ಓದುವವರಾರು? ತೂಕವನ್ನೂ ನೋಡಿಕೊಳ್ಳಬೇಕು. ಕಿಲೋ ಎಂದು ತೋರುವ ಪೊಟ್ಟಣ 900 ಗ್ರಾಂ ಇದ್ದೀತು.

ತಾಜಾತನದಲ್ಲಿ ದಿಢೀರ್ ಸೇವೆಯೇ ಮೇಲೆಂದು ನಾವು ಭಾವಿಸಿದ್ದೆವು. ಆದರೆ ಹತ್ತು ನಿಮಿಷವೆಂಬುದು ಗೋದಾಮಿನಿಂದ ನಮ್ಮ ಬಾಗಿಲಿಗೆ ಬರುವ ಕಾಲ, ಹೊಲದಿಂದ ಗೋದಾಮಿಗೆ ಬಂದ ಮತ್ತು ಅಲ್ಲಿ ಕಾದ ಕಾಲ ಅದರಲ್ಲಿ ಸೇರಿಲ್ಲ. ಒಮ್ಮೆ ಬಂದ ಪನೀರಿನ ಅವಧಿ ಮರುದಿನವೇ ಮುಗಿಯುವಂತಿತ್ತು. ದೂರಿದ ಐದು ನಿಮಿಷದಲ್ಲಿ ಹಣ ಮರಳಿತು, ಆ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. 2024ರ ಕೊನೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ಗಿರಾಕಿಯ ಕೈಸೇರುವಾಗ ಆಹಾರದ ಬಾಳಿಕೆಯಲ್ಲಿ ಶೇಕಡಾ 30ರಷ್ಟಾದರೂ ಅಥವಾ ಅವಧಿ ಮುಗಿಯಲು 45 ದಿನಗಳಾದರೂ ಉಳಿದಿರಬೇಕೆಂದು ಈ ಸಂಸ್ಥೆಗಳಿಗೆ ತಿಳಿಸಿದೆ. 2025ರ ಜೂನ್ ಆರಂಭದಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ಧಾರಾವಿಯ ಒಂದು ದಿಢೀರ್ ಸೇವೆಯ ಗೋದಾಮಿನ ಪರವಾನಗಿಯನ್ನು ಅಮಾನತಿನಲ್ಲಿಟ್ಟ ಸುದ್ದಿಯನ್ನು ಮುಂಬಯಿಯ ಓದುಗರು ಮರೆತಿರಲಾರರು. ಕೆಲವು ತಿನಿಸುಗಳ ಮೇಲೆ ಬೂಸ್ಟು, ನಿಂತ ನೀರಿನ ಪಕ್ಕದಲ್ಲಿ ಸಾಮಾನು, ಕಾಯ್ದುಕೊಳ್ಳದ ಶೀತಲ ಉಷ್ಣತೆ ಅಲ್ಲಿ ಕಂಡುಬಂದಿದ್ದವು. ಬೀದಿಯ ಅಂಗಡಿಯ ನೆಲ ಕೊಳಕಾಗಿದ್ದರೆ ನಾವು ಕಣ್ಣಾರೆ ಕಂಡು ಮುಂದಿನ ಅಂಗಡಿಗೆ ಹೋಗುತ್ತೇವೆ. ಗಿರಾಕಿ ಕಾಲಿಡದ ಗೋದಾಮಿಗೆ ಅಧಿಕಾರಿಯ ಕಣ್ಣೇ ಕಣ್ಣು.

ಮೂರನೆಯ ಬಗೆಯ ಚಂದಾ ಸೇವೆಗಳಲ್ಲಿ ನಮ್ಮ ನಾಡಿನ ಹೆಸರೊಂದನ್ನು ಸಂತೋಷದಿಂದ ಹೇಳಬಹುದು. ತಿಪಟೂರಿನ ಅಕ್ಷಯಕಲ್ಪ 2010ರಿಂದ ಸಾವಯವ ಹಾಲಿನ ಕೆಲಸದಲ್ಲಿದ್ದು, ಬೆಂಗಳೂರಲ್ಲದೆ ಚೆನ್ನೈ, ಹೈದರಾಬಾದುಗಳ ಮನೆಗಳನ್ನೂ ತಲುಪಿದೆ. ಪುಣೆ ಜಿಲ್ಲೆಯ ಭೋಡಣಿಯ ಸೋದರರಿಬ್ಬರು ಕಟ್ಟಿದ 'ಟೂ ಬ್ರದರ್ಸ್' ಕೂಡ ಇದೇ ದಾರಿಯದು. ಇಲ್ಲಿ ಬೆಲೆ ಹೆಚ್ಚು. ಹೆಚ್ಚು ಕೊಡುವವರು 'ಸಹಜ', 'ಹೊಲದಿಂದ ನೇರ' ಎಂಬ ಮಾತಿಗಲ್ಲದೆ 'ಜೈವಿಕ್ ಭಾರತ್' ಗುರುತಿಗೆ ಕೊಡುವುದು ಲೇಸು. 2017ರ ಸಾವಯವ ಆಹಾರ ನಿಯಮಗಳ ಬಳಿಕ ಆ ಗುರುತಿಗೆ ಪ್ರಮಾಣಪತ್ರದ ಆಧಾರ ಬೇಕು, ಉಳಿದ ಮಾತುಗಳಿಗೆ ಬೇಡ.

ನಮ್ಮಂಥವರಿಗೆ ಇನ್ನೊಂದು ತೊಡಕುಂಟು. ನಮಗೆ ನಿಜವಾಗಿ ಹಿತವಾದ ಆಹಾರ ಈ ಆ್ಯಪ್‌ಗಳ ಭಾಷೆಯಲ್ಲಿ ಸಿಗುವುದಿಲ್ಲ. ಹರಿವೆಯನ್ನು ಹುಡುಕಬೇಕಾದರೆ 'ಲಾಲ್ ಮಾಠ್' ಎನ್ನಬೇಕು, ಬಸಳೆಗೆ 'ಮಾಯಾಳು', ಕುಚ್ಚಲಕ್ಕಿ ಬೇಕಾದರೆ ಕೇರಳದ ಮಟ್ಟ ಅಕ್ಕಿಯ ಮೊರೆ ಹೋಗಬೇಕು. 82 ವರ್ಷದ ನಮ್ಮ ಅಮ್ಮನಿಗೆ ಬೆಂಡೆಕಾಯಿಯ ತುದಿ ಮುರಿದು ನೋಡದೆ ತರುವುದೆಂದರೆ ಬದನೆಕಾಯಿಯನ್ನು ಕಣ್ಣುಮುಚ್ಚಿ ಆಯ್ದಂತೆ. ಆ್ಯಪಿನಿಂದ ಬಂದ ಬೆಂಡೆಯನ್ನು ಅವರು ಈಗಲೂ ಒಂದೊಂದಾಗಿ ಮುರಿದು, ಬಲಿತದ್ದನ್ನು ಬೇರೆ ತಟ್ಟೆಯಲ್ಲಿಟ್ಟು ನಮಗೆ ತೋರಿಸುತ್ತಾರೆ.

ಮೂರು ತಿಂಗಳ ಬಳಿಕ ನಮ್ಮ ಮನೆಯ ವ್ಯವಸ್ಥೆ ಹೀಗಾಗಿದೆ. ಬೇಳೆ, ಎಣ್ಣೆ, ಸಾಬೂನುಗಳಿಗೆ ತಿಂಗಳಿಗೊಮ್ಮೆ ದೊಡ್ಡ ಸೇವೆ, ಅದೂ ಚೀಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆ. ಹಾಲು ಬೆಳಗಿನ ಚಂದಾದಲ್ಲಿ. ದಿಢೀರ್ ಸೇವೆ ಅಮ್ಮನಿಗೆ ಜ್ವರ ಬಂದಾಗಿನ ಎಳನೀರಿಗೆ, ಅನಿರೀಕ್ಷಿತ ಅತಿಥಿಗಳಿಗೆ. ಅಕ್ಕಿ, ಸೊಪ್ಪು, ತರಕಾರಿಗೆ ಮತ್ತೆ ನಿಲ್ದಾಣದ ಬಳಿಯ ಮಂಗಳೂರು ಸ್ಟೋರ್ಸ್. ಅಲ್ಲಿಗೆ ಹೋಗಿಬರುವ ಒಂದೂವರೆ ಕಿಲೋಮೀಟರು ನಡಿಗೆಯೂ ವೈದ್ಯರು ಬರೆದುಕೊಟ್ಟದ್ದೇ.

ಆ ಅಂಗಡಿಯ ಶೆಟ್ಟರು ನಮ್ಮನ್ನು ಬಹಳ ದಿನಗಳ ಮೇಲೆ ಕಂಡು, ಎಲ್ಲಿಗೆ ಹೋಗಿದ್ದೆವೆಂದು ಕೇಳಲಿಲ್ಲ. ಅವರಿಗೆ ಗೊತ್ತು. ಎರಡು ವರ್ಷದಲ್ಲಿ ತಿಂಗಳ ಪಟ್ಟಿಯ ಗಿರಾಕಿಗಳು ಅರ್ಧಕ್ಕೆ ಇಳಿದಿದ್ದಾರೆ, ಇಬ್ಬರು ಹುಡುಗರಲ್ಲಿ ಒಬ್ಬನು ಕೆಲಸ ಬಿಟ್ಟು ಅದೇ ದಿಢೀರ್ ಸೇವೆಯ ಬೈಕು ಹತ್ತಿದ್ದಾನೆ. ಹರಿವೆಯ ಕಟ್ಟನ್ನು ಕೈಗೆತ್ತಿಕೊಂಡಾಗ ಅವರೇ ತಡೆದರು: "ಅದು ಬೇಡ ಸಾರ್, ನಿನ್ನೆದು. ನಾಳೆ ಬೆಳಿಗ್ಗೆ ಊರಿನ ಬಸ್ಸಿಗೆ ಹೊಸತು ಬರ್ತದೆ, ವಾಟ್ಸಾಪ್ ಮಾಡಿ, ತೆಗೆದಿಡ್ತೇನೆ."