ನೀರಿಗೆ ನೂಕುವುದಲ್ಲ, ಬೆಂಡು ಕಟ್ಟಿ ಇಳಿಸುವುದು

ಪ್ರತಿ ವರ್ಷ ಬೇಸಿಗೆ ಶಿಬಿರಗಳು ಆರಂಭವಾದಾಗ, ಅವುಗಳ ಬೆನ್ನಲ್ಲೇ ಶಾಲೆಗಳು ಬಾಗಿಲು ತೆರೆದಾಗ, ನಗರದ ಮನೆಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ‘ಹೆದರಬೇಡ, ಏನೂ ಆಗೋದಿಲ್ಲ.’ ಈಜುಕೊಳದ ಅಂಚಿನಲ್ಲಿ ನಿಂತು ಅಳುವ ಮಗುವಿಗೆ, ಎಲ್‌ಕೆಜಿ ತರಗತಿಯ ಬಾಗಿಲಲ್ಲಿ ಅಮ್ಮನ ಸೆರಗು ಬಿಡದ ಮಗುವಿಗೆ, ವೇದಿಕೆಯ ಮೆಟ್ಟಿಲ ಬಳಿ ಮಾತು ಕಳೆದುಕೊಂಡು ನಿಂತ ಮಗುವಿಗೆ ಹಿರಿಯರು ಹೇಳುವುದು ಇದನ್ನೇ. ಮಾತಿನ ಹಿಂದೆ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಅದು ಫಲಿಸುವುದು ಅಪರೂಪ. ಮಾತು ಸೋತ ಮೇಲೆ ನಮಗೆ ಎರಡೇ ದಾರಿಗಳು ಕಾಣುತ್ತವೆ. ಒಂದೋ ಮಗುವನ್ನು ಬಲವಂತವಾಗಿ ತಳ್ಳುವುದು, ಇಲ್ಲವೇ ‘ಪಾಪ, ಬೇಡ ಬಿಡಿ’ ಎಂದು ಮನೆಗೆ ವಾಪಸು ಕರೆತರುವುದು. ಈ ಎರಡೂ ಮಗುವಿನ ಅಂಜಿಕೆಯನ್ನು ಕಳೆಯುವುದಿಲ್ಲ, ಬೆಳೆಸುತ್ತವೆ.

ಹೊಸದಕ್ಕೆ ಅಂಜುವುದು ದೋಷವಲ್ಲ, ಹಟವೂ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಎಂಟೊಂಬತ್ತು ತಿಂಗಳ ಕೂಸು ಅಪರಿಚಿತರ ಕೈಗೆ ಹೋಗದೆ ಅಳುವುದು ಅದರ ಬುದ್ಧಿ ಬೆಳೆಯುತ್ತಿರುವುದರ ಗುರುತು. ತನ್ನವರು ಯಾರು, ಹೊರಗಿನವರು ಯಾರು ಎಂದು ಅದು ಗುರುತಿಸತೊಡಗಿದೆ. ಇನ್ನು ಕೆಲವು ಮಕ್ಕಳಿಗೆ ಅಂಜಿಕೆ ಹುಟ್ಟುಗುಣದಲ್ಲೇ ತುಸು ಹೆಚ್ಚು. ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೆರೋಮ್ ಕೇಗನ್ (1929–2021) ನಾಲ್ಕು ತಿಂಗಳ ಶಿಶುಗಳಿಗೆ ಅಪರಿಚಿತ ಆಟಿಕೆ, ದನಿ, ವಾಸನೆಗಳನ್ನು ಒಡ್ಡಿ, ಮುಂದೆ ವರ್ಷಗಟ್ಟಲೆ ಆ ಮಕ್ಕಳ ಬೆಳವಣಿಗೆಯನ್ನು ಗಮನಿಸಿದರು. ಸುಮಾರು ಐದರಲ್ಲಿ ಒಂದು ಶಿಶು ಕೈಕಾಲು ಬಡಿದು ಅಳುತ್ತಿತ್ತು. ಅಂಥವು ಮುಂದೆ ಸಂಕೋಚದ ಮಕ್ಕಳಾಗುವ ಸಂಭವ ಹೆಚ್ಚಾಗಿತ್ತು. ಆದರೆ ಅವರೆಲ್ಲರೂ ಅಂಜುಬುರುಕರಾಗಿಯೇ ಉಳಿಯಲಿಲ್ಲ. ಸಣ್ಣಪುಟ್ಟ ಕಷ್ಟಕ್ಕೂ ತಾಯ್ತಂದೆಯರು ಓಡಿಬಂದು ಎತ್ತಿಕೊಳ್ಳುತ್ತಿದ್ದ ಮನೆಗಳಲ್ಲಿ ಅಂಜಿಕೆ ಹೆಚ್ಚು ಉಳಿದುಕೊಂಡಿತೆಂಬುದು ಆ ಅಧ್ಯಯನದ ಇನ್ನೊಂದು ಮುಖ್ಯ ಸೂಚನೆ. ಸ್ವಭಾವ ಹುಟ್ಟಿನಿಂದ ಬಂದಿರಬಹುದು. ಅದು ಯಾವ ಕಡೆ ಹರಿಯಬೇಕೆಂಬುದು ಬಹುಮಟ್ಟಿಗೆ ಮನೆಯಲ್ಲಿ ನಿರ್ಧಾರವಾಗುತ್ತದೆ.

ಮಗು ನಮ್ಮ ಮಾತಿಗಿಂತ ಮುಖವನ್ನು ಹೆಚ್ಚು ನಂಬುತ್ತದೆ. 1985ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಸೊಗಸಾಗಿ ತೋರಿಸಿತು. ದಪ್ಪ ಗಾಜು ಹೊದಿಸಿದ ಮೇಜಿನ ಮೇಲೆ ಒಂದು ವರ್ಷದ ಶಿಶುಗಳನ್ನು ಬಿಡಲಾಯಿತು. ಗಾಜಿನ ಕೆಳಗೆ, ಮೇಜಿನ ನಡುವಿನಿಂದ ಸುಮಾರು 30 ಸೆಂಟಿಮೀಟರ್ ತಗ್ಗು ಇದ್ದಂತೆ ಕಾಣುತ್ತಿತ್ತು. ಶಿಶು ಆ ಅಂಚಿಗೆ ಬಂದು ಆಚೆ ನಿಂತ ತಾಯಿಯ ಮುಖ ನೋಡುತ್ತಿತ್ತು. ತಾಯಿ ನಗುಮುಖ ತೋರಿದಾಗ 19 ಶಿಶುಗಳಲ್ಲಿ 14 ದಾಟಿ ಬಂದವು. ಭಯದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ. ‘ಏನೂ ಆಗೋದಿಲ್ಲ’ ಎಂದು ಬಾಯಲ್ಲಿ ಹೇಳುತ್ತ, ಮುಖದಲ್ಲಿ ಆತಂಕವನ್ನೋ ನಾಲ್ಕು ಜನರೆದುರು ಮಾನ ಹೋಯಿತೆಂಬ ಸಿಡುಕನ್ನೋ ಹೊತ್ತು ನಿಂತರೆ ಮಗು ಯಾವುದನ್ನು ಓದಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೆದರುವವರ ಮೇಲೆ ಹಾವು ಎಸೆದಂತೆ ಎಂಬ ಗಾದೆ ನಮ್ಮಲ್ಲಿದೆ. ಬಲವಂತದ ವಿಧಾನಕ್ಕೆ ಇದಕ್ಕಿಂತ ಒಪ್ಪುವ ಮಾತಿಲ್ಲ. ತಳ್ಳಿಸಿಕೊಂಡ ಮಗು ಕಲಿಯುವುದು ಈಜನ್ನಲ್ಲ, ತಳ್ಳಿದವರನ್ನು ನಂಬಬಾರದೆಂಬ ಪಾಠವನ್ನು. ಇದಕ್ಕೆ ವಿರುದ್ಧವಾದ ಅತಿರಕ್ಷಣೆ ನೋಡಲು ಮೃದುವಾಗಿದ್ದರೂ ಅದರ ಹಾನಿಯೂ ಅಷ್ಟೇ ಆಳವಾದದ್ದು. ಹೆದರಿದ ಕೂಡಲೇ ಮನೆಗೆ ಮರಳಿದ ಮಗುವಿಗೆ ಕ್ಷಣದಲ್ಲಿ ನೆಮ್ಮದಿ ಸಿಗುತ್ತದೆ. ‘ಅಲ್ಲಿಂದ ಬಂದದ್ದರಿಂದಲೇ ಪಾರಾದೆ’ ಎಂದು ಅದು ತಿಳಿಯುತ್ತದೆ. ಅಂಜಿಕೆ ತಾನಾಗಿಯೇ ಏರಿ ತಾನಾಗಿಯೇ ಇಳಿಯುತ್ತದೆ ಎಂಬ ಅನುಭವ ಅದಕ್ಕೆ ಸಿಗುವುದೇ ಇಲ್ಲ. ಮುಂದಿನ ಸಲ ಅಂಜಿಕೆ ಇನ್ನಷ್ಟು ಬೇಗ, ಇನ್ನಷ್ಟು ದೂರದಿಂದಲೇ ಶುರುವಾಗುತ್ತದೆ.

ಮೂರನೆಯ ದಾರಿಯೊಂದು ನಮ್ಮ ಹಳ್ಳಿಗಳಿಗೆ ಹಿಂದಿನಿಂದಲೂ ಗೊತ್ತಿದೆ. ಬಾವಿಯಲ್ಲಿ ಈಜು ಕಲಿಸುವವರು ಮಗುವಿನ ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಕಟ್ಟಿ ಇಳಿಸುತ್ತಿದ್ದರು. ಕಲಿಸುವವರೂ ನೀರಿನಲ್ಲೇ ಇರುತ್ತಿದ್ದರು. ಕೈಕಾಲು ಪಳಗಿದಂತೆ ಬೆಂಡನ್ನು ಕಡಿಮೆ ಮಾಡುತ್ತ ಬಂದು ಒಂದು ದಿನ ಪೂರ್ತಿ ಬಿಚ್ಚುತ್ತಿದ್ದರು. ಇಲ್ಲಿ ನೀರನ್ನು ತಪ್ಪಿಸಲಿಲ್ಲ, ಮುಳುಗಲೂ ಬಿಡಲಿಲ್ಲ. ನೂಕಿ ಕಲಿಸುವವರೂ ಇದ್ದರು, ನಿಜ. ಅವರ ಕೈಯಲ್ಲಿ ಈಜು ಕಲಿತವರು ಕಥೆ ಹೇಳಲು ಉಳಿದರು. ಜೀವಮಾನವಿಡೀ ನೀರಿಗೆ ಹೆದರಿದವರು ಅದನ್ನು ಹೇಳಿಕೊಳ್ಳಲಿಲ್ಲ.

ಮನೋವಿಜ್ಞಾನವೂ ತನ್ನದೇ ಹಾದಿಯಲ್ಲಿ ಇದೇ ತೀರ್ಮಾನಕ್ಕೆ ಬಂದಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ವಿಜ್ಞಾನಿ, ಮೊಲವೆಂದರೆ ಚೀರುತ್ತಿದ್ದ, ಮೂರು ವರ್ಷ ತುಂಬುವುದರಲ್ಲಿದ್ದ ಬಾಲಕನೊಬ್ಬನ ಅಂಜಿಕೆ ಕಳೆದ ಬಗೆಯನ್ನು ದಾಖಲಿಸಿದರು. ಪಂಜರದ ಮೊಲವನ್ನು ಮೊದಲು ಕೋಣೆಯ ದೂರದ ಮೂಲೆಯಲ್ಲಿಟ್ಟು, ಬಾಲಕ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಅವನ ನೆಮ್ಮದಿ ಕೆಡದಷ್ಟೇ ಹತ್ತಿರ ತರಲಾಯಿತು. ಮೊಲಕ್ಕೆ ಅಂಜದ ಇತರ ಮಕ್ಕಳನ್ನೂ ಅವನ ಜೊತೆ ಬಿಡಲಾಗಿತ್ತು. ನಡುವೆ ಬಾಲಕ ಕಾಯಿಲೆ ಬಿದ್ದ, ದೊಡ್ಡ ನಾಯಿಯೊಂದು ಮೇಲೆರಗಿ ಬೆಚ್ಚಿದ; ಹಳೆಯ ಅಂಜಿಕೆ ಮರುಕಳಿಸಿತು. ಮತ್ತೆ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕಾಯಿತು. ಕೊನೆಗೆ ಮೊಲ ಅವನ ಬೆರಳನ್ನು ಮೆಲ್ಲನೆ ಕಚ್ಚಿದರೂ ಅವನು ಕೈ ಹಿಂತೆಗೆಯಲಿಲ್ಲ. 1967ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಓರಗೆಯ ಮಗುವೊಂದು ನಾಯಿಯೊಡನೆ ಧೈರ್ಯವಾಗಿ ಆಡುವುದನ್ನು ಹಲವು ಬಾರಿ ಕಂಡ ಪುಟ್ಟ ಮಕ್ಕಳಲ್ಲಿ ನಾಯಿಯ ಭಯ ಇಳಿಯಿತು. ಹಿರಿಯರ ಹತ್ತು ಉಪದೇಶಕ್ಕಿಂತ ಓರಗೆಯವರ ಒಂದು ಆಟ ದೊಡ್ಡದು.

ಈ ತತ್ತ್ವವನ್ನು ದಿನನಿತ್ಯದಲ್ಲಿ ಪಾಲಿಸಲು ದುಡ್ಡು ಬೇಡ, ತಾಳ್ಮೆ ಬೇಕು. ಶಾಲೆಗೆ ಸೇರುವ ಮಗುವಿಗೆ ಮುಂಚಿನ ವಾರವೇ ಖಾಲಿ ಆವರಣವನ್ನು ತೋರಿಸಬಹುದು. ನೀರು ಎಲ್ಲಿ, ಶೌಚಾಲಯ ಎಲ್ಲಿ, ಬೇಕಾದರೆ ಯಾರನ್ನು ಹೇಗೆ ಕೇಳಬೇಕು ಎಂಬುದನ್ನು ಹೇಳಿಕೊಡಬಹುದು. ಎಷ್ಟೋ ಮಕ್ಕಳ ಶಾಲಾಭಯದ ಬೇರು ಇಂಥ ಸಣ್ಣ ಸಂಗತಿಗಳಲ್ಲಿರುತ್ತದೆ. ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳಬಾರದು. ‘ಊಟ ಮುಗಿದ ಮೇಲೆ ಬರುತ್ತೇನೆ’ ಎಂದು ಹೇಳಿ ಅದೇ ಹೊತ್ತಿಗೆ ಬರಬೇಕು. ಚುಚ್ಚುಮದ್ದು ‘ನೋಯೋದೇ ಇಲ್ಲ’ ಎಂದು ಸುಳ್ಳು ಹೇಳುವ ಬದಲು ‘ಸ್ವಲ್ಪ ನೋಯುತ್ತೆ, ನಾನು ಕೈ ಹಿಡಿದುಕೊಂಡಿರ್ತೀನಿ’ ಎನ್ನಬೇಕು. ತಟ್ಟೆಯ ಹೊಸ ಪಲ್ಯವನ್ನು ಮಗು ಎರಡು ಸಲ ಪಕ್ಕಕ್ಕೆ ಸರಿಸಿದರೆ ‘ಇವನಿಗೆ ತರಕಾರಿ ಸೇರೋದಿಲ್ಲ’ ಎಂಬ ತೀರ್ಪು ಹೊರಡುತ್ತದೆ. ಹೊಸ ರುಚಿಯೊಂದು ಒಗ್ಗಲು ಎಂಟು–ಹತ್ತು ಬಾರಿ ರುಚಿ ನೋಡಬೇಕಾಗಬಹುದೆಂದು ಮಕ್ಕಳ ಆಹಾರದ ಕುರಿತ ಅಧ್ಯಯನಗಳು ಹೇಳುತ್ತವೆ. ‘ನಮ್ಮವಳು ತುಂಬಾ ನಾಚಿಕೆ’ ಎಂದು ಮಗುವಿನೆದುರೇ ನೆಂಟರಿಗೆ ಹೇಳುವುದನ್ನೂ ನಿಲ್ಲಿಸಬೇಕು. ಅಂಟಿಸಿದ ಹೆಸರಿಗೆ ತಕ್ಕಂತೆ ಬದುಕುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಇನ್ನು ಗುಮ್ಮನ ಪ್ರಶ್ನೆ. ಪುರಂದರದಾಸರ ಕೀರ್ತನೆಯ ಬಾಲಕೃಷ್ಣನಂತೆ ಗುಮ್ಮನಿಗೆ ಅಂಜಿ ಅಮ್ಮನನ್ನು ಬೇಡಿಕೊಳ್ಳದ ಮಗು ನಮ್ಮಲ್ಲಿ ವಿರಳ. ಆ ಗುಮ್ಮ ಇಂದು ಪೊಲೀಸನಾಗಿದ್ದಾನೆ, ಡಾಕ್ಟರಾಗಿದ್ದಾನೆ, ‘ಮಿಸ್‌ಗೆ ಹೇಳ್ತೀನಿ’ ಎಂಬ ಬೆದರಿಕೆಯಾಗಿದ್ದಾನೆ. ಊಟ ಮಾಡಿಸಲು, ಮಲಗಿಸಲು ಹೀಗೆ ಹೆದರಿಸಿ, ಮರುದಿನ ಅದೇ ಡಾಕ್ಟರ ಬಳಿ, ಅದೇ ಮಿಸ್ ಬಳಿ ಧೈರ್ಯವಾಗಿ ಹೋಗೆಂದರೆ ಮಗು ಯಾವ ಮಾತನ್ನು ನಂಬಬೇಕು?

ಆದರೆ ಹೊಣೆಯನ್ನೆಲ್ಲ ಮನೆಯ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಮಹಾನಗರದ ಮಗುವಿಗೆ ಬೆಲೆ ತೆರದೆ ಸೋಲುವ ಅವಕಾಶಗಳೇ ಕಡಿಮೆಯಾಗಿವೆ. ಬೀದಿಯಲ್ಲಿ, ಅಂಗಳದಲ್ಲಿ, ಅಜ್ಜನ ಮನೆಯ ತೋಟದಲ್ಲಿ ಬಿದ್ದು ಎದ್ದು ಕಲಿಯುತ್ತಿದ್ದುದೆಲ್ಲ ಇಂದು ಶುಲ್ಕ, ಸಮವಸ್ತ್ರ, ಪ್ರಮಾಣಪತ್ರಗಳಿರುವ ತರಗತಿಯಾಗಿದೆ. ಆರು ವಾರದಲ್ಲಿ ಪ್ರದರ್ಶನ ಕೊಡಲೇಬೇಕು. ಆ ಪ್ರದರ್ಶನವನ್ನು ಹತ್ತಾರು ಮೊಬೈಲುಗಳು ಚಿತ್ರಿಸಿಕೊಂಡು ಸಂಜೆಯೊಳಗೆ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪಿಸುತ್ತವೆ. ನಾಲ್ಕು ವರ್ಷದ ಮಗುವಿನ ತೊದಲಿಗೆ ಹಿಂದೆಂದೂ ಇಷ್ಟು ಪ್ರೇಕ್ಷಕರಿರಲಿಲ್ಲ.

ಶಾಲೆಗಳ ಪಾತ್ರ ಇಲ್ಲಿ ದೊಡ್ಡದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಪ್ರವೇಶಕ್ಕಾಗಿ ಮಗುವನ್ನಾಗಲೀ ಪೋಷಕರನ್ನಾಗಲೀ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಪ್ಪು ಉತ್ತರಕ್ಕೆ ತರಗತಿಯೆಲ್ಲ ನಗುವಂತೆ ಮಾಡುವುದು ಆ ಕಾಯ್ದೆಯ ಆಶಯಕ್ಕೆ ವಿರುದ್ಧ ಎಂಬ ಅರಿವು ಇನ್ನೂ ಎಷ್ಟೋ ಕಡೆ ಮೂಡಿಲ್ಲ. ಬೇರೆ ಬಗೆಯಲ್ಲಿ ಕಲಿಸಲು ಸಾಧ್ಯವೆಂಬುದಕ್ಕೆ ನಿದರ್ಶನ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ಮೊದಲು ಶಿಕ್ಷಕರ ಪೂರ್ಣ ನೆರವು, ಬಳಿಕ ಭಾಗಶಃ ನೆರವು, ಆಮೇಲೆ ಸಹಪಾಠಿಗಳ ನೆರವು, ಕೊನೆಗೆ ಸ್ವಕಲಿಕೆ. ಬೆಂಡನ್ನು ಒಂದೊಂದಾಗಿ ಬಿಚ್ಚುವ ಕ್ರಮವೇ ಇದು. ಆ ಪದ್ಧತಿ ಎಷ್ಟು ಫಲ ಕೊಟ್ಟಿತೆಂಬ ಬಗ್ಗೆ ವಾದಗಳಿವೆ. ಆದರೆ ಅದರ ಮೂಲತತ್ತ್ವದಿಂದ ದುಬಾರಿ ಶುಲ್ಕದ ನಗರದ ಶಾಲೆಗಳೂ ಕಲಿಯುವುದು ಬೇಕಾದಷ್ಟಿದೆ.

ಎಲ್ಲ ಅಂಜಿಕೆಯೂ ತಾಳ್ಮೆಯಿಂದಲೇ ಕರಗುತ್ತದೆ ಎನ್ನಲಾಗದು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ, ಭಯ ಊಟ, ನಿದ್ರೆ, ಆಟಗಳನ್ನೇ ಕಸಿದುಕೊಂಡರೆ ಮಕ್ಕಳ ಮನೋವೈದ್ಯರನ್ನು ಕಾಣುವುದೇ ಸರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡಿಯೂ ಸಲಹೆ ಪಡೆಯಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೊಸದನ್ನು ಪ್ರಯತ್ನಿಸುವ ಧೈರ್ಯ ಈಜು, ಹಾಡು, ವೇದಿಕೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ತರಗತಿಯಲ್ಲಿ ‘ನನಗೆ ಅರ್ಥವಾಗಲಿಲ್ಲ’ ಎಂದು ಕೈ ಎತ್ತುವುದಕ್ಕೂ, ಮುಂದೊಂದು ದಿನ ಕಚೇರಿಯಲ್ಲೋ ಸಭೆಯಲ್ಲೋ ‘ಇದು ಸರಿಯಲ್ಲ’ ಎಂದು ಎದ್ದು ನಿಲ್ಲುವುದಕ್ಕೂ ಬೇಕಾದ ಧೈರ್ಯ ಅದೇ. ತಪ್ಪಲು ಹೆದರುವ ಮಕ್ಕಳನ್ನು ಬೆಳೆಸಿ, ಪ್ರಶ್ನಿಸುವ ನಾಗರಿಕರು ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಸೋತು ಬಂದ ಮಗುವಿಗೆ ‘ಎಷ್ಟನೇ ಸ್ಥಾನ ಬಂತು’ ಎಂದು ಕೇಳುವ ಬದಲು ‘ಇವತ್ತು ಹೊಸದಾಗಿ ಏನು ಮಾಡಿ ನೋಡಿದೆ’ ಎಂದು ಕೇಳುವ ಮನೆಗಳೂ ಶಾಲೆಗಳೂ ಹೆಚ್ಚಬೇಕು. ಅದಕ್ಕೆ ಮಸೂದೆ ಬೇಡ, ಅನುದಾನ ಬೇಡ. ಹಿರಿಯರಾದ ನಾವು ನಮ್ಮ ಆತುರವನ್ನು ತುಸು ಹಿಡಿದಿಟ್ಟುಕೊಂಡರೆ ಸಾಕು.