ನೀರಿನ ಖಾತೆ, ಕರೆಂಟಿನ ಖಾತೆ

ನಮ್ಮ ಹುಮನಾಬಾದ್, ಬಸವಕಲ್ಯಾಣ ಭಾಗದಲ್ಲಿ ಈಗ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ‘ಹೊಲಕ್ಕೊಂದು ಸೋಲಾರ್ ಪಂಪ್ ಕೂಡಿಸಿ, ಬೀದರ್ ಬಿಸಿಲಿಗೇನು ಬರ? ನೀರಿನ ಚಿಂತೆ ತೀರಿತು.’ ಬಿಸಿಲಿಗೆ ಬರವಿಲ್ಲ, ಒಪ್ಪಿದೆ. ಆದರೆ ಬಿಸಿಲು ಮೋಟಾರನ್ನು ತಿರುಗಿಸೀತೇ ಹೊರತು ಬೋರಿನಲ್ಲಿ ಇಲ್ಲದ ನೀರನ್ನು ಹುಟ್ಟಿಸಲಾರದು. ನೀರಿಗೊಂದು ಇಲಾಖೆ, ಕರೆಂಟಿಗೊಂದು ಇಲಾಖೆ ಎಂದು ಎರಡು ಖಾತೆ ಬರೆದುಕೊಂಡು ಕೂತಿರುವುದರಿಂದಲೇ ಇಂಥ ಸಲೀಸು ಮಾತು ನಂಬಿಕೆಗೆ ಅರ್ಹವೆನಿಸುತ್ತದೆ. ಖಾತೆ ಇರುವುದು ಒಂದೇ.

ದುಬಲಗುಂಡಿಯಂಥ ಊರಿನ ಹೊಲದಲ್ಲಿ ನಿಂತು ನೋಡಿ. ತ್ರೀ ಫೇಸ್ ಕರೆಂಟ್ ಬರುವ ಹೊತ್ತು ರೈತನ ಕೈಯಲ್ಲಿಲ್ಲ, ನಡುರಾತ್ರಿಯೂ ಬಂದೀತು. ಅದಕ್ಕಾಗಿ ಸ್ಟಾರ್ಟರಿಗೆ ‘ಆಟೋ’ ಜೋಡಿಸಿರುತ್ತಾರೆ. ಕರೆಂಟ್ ಬಂದೊಡನೆ ಮೋಟಾರು ತಾನೇ ಶುರುವಾಗುತ್ತದೆ. ಕಬ್ಬಿನ ಸಾಲು ತುಂಬಿ ನೀರು ಬದು ದಾಟಿದರೂ ನಿಲ್ಲಿಸಲು ಅಲ್ಲಿ ಯಾರೂ ಇರುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲೂ ಇಲ್ಲ.

ಬಿಲ್ಲಿಲ್ಲ ಅಂದಮಾತ್ರಕ್ಕೆ ಖರ್ಚಿಲ್ಲವೇ? ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಅಷ್ಟನ್ನು 300 ಅಡಿ ಆಳದಿಂದ ಎತ್ತಲು, ಬರೀ ಭಾರದ ಲೆಕ್ಕ ಹಿಡಿದರೆ, 25 ಯೂನಿಟ್ ಸಾಕು. ಸವೆದ ಪಂಪು, ಇಳಿದ ವೋಲ್ಟೇಜು ಎಲ್ಲ ಸೇರಿ ಕರೆಂಟಿನಲ್ಲಿ ಶೇ 40ರಷ್ಟೇ ಕೆಲಸಕ್ಕೆ ಬಂತೆಂದರೆ ಅದು 60 ಯೂನಿಟ್ ದಾಟುತ್ತದೆ. ನೀರು 600 ಅಡಿಗೆ ಇಳಿದರೆ ಅದೇ ಎಕರೆಗೆ, ಅದೇ ಒಂದು ಇಂಚಿಗೆ, ಇದರ ಎರಡರಷ್ಟು. ಬೆಳೆ ಮಾತ್ರ ಒಂದು ಗರಿಯೂ ಹೆಚ್ಚು ಬರುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಕಲ್ಲಿದ್ದಲಿನ ಕರೆಂಟಿಗೂ ನೀರು ಬೇಕು. ಹಳೆಯ ಶಾಖೋತ್ಪನ್ನ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಹಾಕಿದ ಮಿತಿ, ಯೂನಿಟ್ಟಿಗೆ ಮೂರೂವರೆ ಲೀಟರ್. ಒಂದು ಲಕ್ಷ ಲೀಟರ್ ಎತ್ತುವ ಕರೆಂಟಿಗೆ ಇನ್ನೂರು ಚಿಲ್ಲರೆ ಲೀಟರ್ ಏನು ಮಹಾ ಎನ್ನಬಹುದು. ಪ್ರಮಾಣ ಸಣ್ಣದೇ. ಪೆಟ್ಟು ಬೀಳುವುದು ಕಾಲದಿಂದ: ನೀರು, ಕರೆಂಟು ಎರಡೂ ಒಂದೇ ತಿಂಗಳಲ್ಲಿ ಕೈಕೊಡುತ್ತವೆ. ನಮ್ಮ ಗಡಿಯಾಚೆ, ಮರಾಠವಾಡದ ಪರಳಿಯ ವಿದ್ಯುತ್ ಕೇಂದ್ರ 2015ರ ಜುಲೈನಲ್ಲಿ ನೀರಿಲ್ಲದೆ ನಿಂತುಹೋಯಿತು. ಮರು ಬೇಸಿಗೆ, 2016ರ ಏಪ್ರಿಲ್‌ನಲ್ಲಿ, ಪಕ್ಕದ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. 2023ರಲ್ಲಿ ಕರ್ನಾಟಕ ಅನುಭವಿಸಿದ್ದೂ ಇದನ್ನೇ. ಮಳೆ ಹೋಯಿತು, 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದವು. ಜಲಾಶಯ ತುಂಬದೆ ಜಲವಿದ್ಯುತ್ ಕುಗ್ಗಿತು. ಒಣಗುವ ಬೆಳೆ ಉಳಿಸಲು ಎಲ್ಲರೂ ಒಟ್ಟಿಗೆ ಬೋರ್ ಚಾಲೂ ಮಾಡಿದ್ದರಿಂದ ಬೇಡಿಕೆ ಏರಿತು. ಪಂಜಾಬ್, ಉತ್ತರ ಪ್ರದೇಶಗಳಿಂದ ಕರೆಂಟ್ ತರಿಸಿದರೂ ಹೊಲಕ್ಕೆ ಏಳು ತಾಸಿನ ಬದಲು ಐದು ತಾಸು ಎನ್ನಬೇಕಾಯಿತು.

ಸೋಲಾರ್ ಪರವಾದ ನಿಜವಾದ ವಾದ ಇಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಬರಗಾಲದಲ್ಲೂ ಸೂರ್ಯ ಹುಟ್ಟುತ್ತಾನೆ. ಫಲಕಕ್ಕೆ ತೊಳೆಯುವಷ್ಟು ನೀರಾದರೆ ಸಾಕು. ರೈತ ರಾತ್ರಿ ಹಾವು ಚೇಳು ತುಳಿಯುವುದು ತಪ್ಪುತ್ತದೆ. ಎಲ್ಲ ಸರಿ. ಆದರೆ ಇಂದು ಅಂತರ್ಜಲಕ್ಕೆ ಇರುವ ಒಂದೇ ಕಡಿವಾಣ ಆ ಏಳು ತಾಸು. ನೀರಿಗೂ ದರವಿಲ್ಲ, ಬಿಸಿಲಿಗೂ ದರವಿಲ್ಲ ಎಂದಾದಾಗ ಮೋಟಾರು ನಿಲ್ಲಿಸಲು ಕಾರಣವಾದರೂ ಏನು ಉಳಿಯುತ್ತದೆ?

ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ, 15ನೇ ಶತಮಾನದ ಸುರಂಗ ಬಾವಿ ಇದೆ. ಕರೇಜ್ ಎನ್ನುತ್ತಾರೆ. ಮೇಲೆ ನೀರು ಹೀರುವ ಜಂಬಿಟ್ಟಿಗೆ ಕಲ್ಲು, ಕೆಳಗೆ ನೀರು ಬಿಡದ ಕರಿಕಲ್ಲು. ಆ ಎರಡರ ಸಂದಿಯನ್ನು ಹಿಡಿದು, ಮೈಲಿಗೂ ಮೀರಿ, ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದಿದ್ದಾರೆ. ನಡುನಡುವೆ ಗಾಳಿ ಬೆಳಕಿಗೆ, ಹೂಳೆತ್ತಲು ಬಾವಿಗಳು. ಒಂದು ಎತ್ತನ್ನೂ ಕಟ್ಟದೆ ನೀರು ತಾನಾಗಿ ಹರಿದುಬರುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಅದರ ಮಿತಿ: ನೀರಿನ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ ಹರಿವು ನಿಲ್ಲುತ್ತದೆ. ನೆಲ ಕೊಟ್ಟಷ್ಟೇ ಸಿಗುವುದು, ಕಿತ್ತುಕೊಳ್ಳಲು ಬರುವುದಿಲ್ಲ. ಅದರಿಂದ ಇಂದಿನ ಕಬ್ಬು ಬೆಳೆಯಲಾಗದು, ನಿಜ. ಆದರೆ ಮಿತಿಯನ್ನು ಯಂತ್ರದೊಳಗೇ ಇಟ್ಟ ಆ ಬುದ್ಧಿ ನಮ್ಮ ಯೋಜನೆಗಳಲ್ಲಿ ಇಲ್ಲ.

ಹಾಗಾದರೆ ಮೀಟರ್ ಹಾಕಿ ದುಡ್ಡು ವಸೂಲು ಮಾಡೋಣವೇ? ನೂರು ಕಿ.ಮೀ. ದೂರದಿಂದ ಎತ್ತಿ ತಂದ ಕಾವೇರಿಯನ್ನು ಕಾರು ತೊಳೆಯಲು ಬಳಸುವವರ ಬಾಯಲ್ಲಿ ಈ ಉಪದೇಶ ಸಲ್ಲದು. ರೈತನ ಪ್ರಶ್ನೆಗೆ ತೂಕವಿದೆ: ‘ಕಾಲುವೆಯವನಿಗೆ ಸರ್ಕಾರವೇ ಅಣೆಕಟ್ಟು ಕಟ್ಟಿ ನೀರು ಹರಿಸಿತು. ನಾನು ಸಾಲ ಮಾಡಿ ಬೋರ್ ಹೊಡೆಸಿದೆ, ಎರಡು ಫೇಲ್ ಆದವು. ಕರೆಂಟಿಗೂ ನಾನೇ ಕಟ್ಟಲೇ?’ ಕಟ್ಟಬೇಕಿಲ್ಲ. ಅವನಿಂದ ಕಸಿಯುವ ಬದಲು ಉಳಿಸಿದ್ದಕ್ಕೆ ಕೊಡಬೇಕು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಸೋಲಾರ್ ಪಂಪಿನ ರೈತರು ಸಹಕಾರ ಸಂಘ ಮಾಡಿ, ಮಿಕ್ಕ ಕರೆಂಟನ್ನು 2016ರಿಂದ ವಿದ್ಯುತ್ ಕಂಪನಿಗೆ ಮಾರಿದರು. ನಮ್ಮಲ್ಲೇ 2014ರಲ್ಲಿ ಘೋಷಣೆಯಾದ ‘ಸೂರ್ಯ ರೈತ’ ಯೋಜನೆ ಇದೇ ದಾರಿ ಹಿಡಿದು ಕನಕಪುರದ ಹಾರೋಬೆಲೆಯಲ್ಲಿ ಶುರುವಾಗಿತ್ತು. ಮಾರಲು ಬರುವ ಯೂನಿಟ್ಟನ್ನು ಯಾವ ರೈತನೂ ಬದುವಿನಾಚೆ ಹರಿಯಬಿಡುವುದಿಲ್ಲ. ಕಬ್ಬಿನ ಜಾಗದಲ್ಲಿ ತೊಗರಿ ಹಾಕಿದರೆ ಎಷ್ಟು ಉಳಿದೀತೆಂದು ತಾನೇ ಲೆಕ್ಕ ಹಾಕುತ್ತಾನೆ.

ಆದ್ದರಿಂದ ಸೋಲಾರ್ ಪಂಪಿಗೆ ಅರ್ಜಿ ಬರೆಯುವ ನಮ್ಮ ರೈತರಲ್ಲಿ ಒಂದು ಕೇಳಿಕೆ. ಸಹಾಯಧನ ಎಷ್ಟು ಎಂದು ಕೇಳುವ ಮೊದಲು, ನಾನು ಬಳಸದೆ ಬಿಟ್ಟ ಕರೆಂಟನ್ನು ಜೆಸ್ಕಾಂ ಯಾವ ದರಕ್ಕೆ ಕೊಳ್ಳುತ್ತದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.