ಸೊನ್ನೆ ಕ್ರೆಡಿಟ್‌ನ ಸಬ್ಜೆಕ್ಟ್

ವಿಟಿಯು 2022ರ ಸ್ಕೀಮ್ ತೆಗೆದು ನೋಡಿ. ಮೂರನೇ ಸೆಮ್‌ನಿಂದ ಕೊನೇಲಿ ಒಂದು ಸಾಲು ಇರುತ್ತೆ: ಎನ್‌ಎಸ್‌ಎಸ್, ಪಿಇ ಅಥವಾ ಯೋಗ. ಕ್ರೆಡಿಟ್ ಸೊನ್ನೆ, ಆದ್ರೆ ಪಾಸ್ ಆಗ್ಲೇಬೇಕು. ನಾನು ಪಿಇ ತಗೊಂಡೆ. ಸೆಮ್ ಮುಗಿಯೋ ಹೊತ್ತಿಗೆ ನನ್ನ ಹತ್ರ ನೀಟಾದ ಒಂದು ರೆಕಾರ್ಡ್ ಇತ್ತು, ಕಬಡ್ಡಿ ಕೋರ್ಟಿನ ಅಳತೆ ಸಮೇತ. ಕಬಡ್ಡಿ ಮಾತ್ರ ಒಂದು ದಿನಾನೂ ಆಡ್ಲಿಲ್ಲ. ಇಂಟರ್ನಲ್ಸ್ ಹತ್ರ ಬಂದ ಹಾಗೆ ಆ ಪೀರಿಯಡ್ ಬೇರೆ ಸಬ್ಜೆಕ್ಟಿನ ಪೋರ್ಷನ್ ಮುಗಿಸೋಕೆ ಹೋಯ್ತು. ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಈಗ ಕೇಳ್ತಿದೀನಿ, ಯಾಕಂದ್ರೆ ಅದೇ ಕಾರಿಡಾರಿನಲ್ಲಿ ಮಾನಸಿಕ ಆರೋಗ್ಯದ ಪೋಸ್ಟರ್ ಅಂಟಿಸಿದಾರೆ.

2024ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಖಿನ್ನತೆ ಇದ್ದ 14 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 218 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ನಡಿಗೆ, ಜಾಗಿಂಗ್, ಯೋಗ, ತೂಕ ಎತ್ತೋದು, ಇವೆಲ್ಲ ಖಿನ್ನತೆ ಇಳಿಸೋಕೆ ನೆರವಾಗಿದ್ವು. ವಯಸ್ಸಿನ ಲೆಕ್ಕ ಇನ್ನೂ ಕುತೂಹಲದ್ದು: ಯೋಗ ಹಿರಿಯರಿಗೆ ಹೆಚ್ಚು ಹಿಡಿಸಿತ್ತು, ತೂಕ ಎತ್ತೋದು ಚಿಕ್ಕ ವಯಸ್ಸಿನವರಿಗೆ. ಎಷ್ಟೋ ಪ್ರಯೋಗಗಳ ಗುಣಮಟ್ಟ ಚೆನ್ನಾಗಿಲ್ಲ ಅಂತ ಬರೆದವರೇ ಒಪ್ಕೊಂಡಿದಾರೆ, ಅದನ್ನೂ ಹೇಳ್ಬೇಕು. ಆದ್ರೂ ಪೋಸ್ಟರಿಗಿಂತ ಜಾಸ್ತಿ ಪುರಾವೆ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 17 ವರ್ಷದವರೆಗೆ ದಿನಕ್ಕೆ 60 ನಿಮಿಷ ಮೈ ಆಡಬೇಕು. 18 ಆದ್ರೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಕು. ದಿನಕ್ಕೆ 22 ನಿಮಿಷವೂ ಆಗಲ್ಲ! ಅಷ್ಟು ರಿಯಾಯಿತಿ ಕೊಟ್ರೂ ನಮಗೆ ಆಗ್ತಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಜ್ಜಿ ಮೇಲೆ ಒಂದು ಪ್ರಯೋಗ ಮಾಡಿದೆ. ಹಿರಿಯರ ಕಾಲಿನ ಶಕ್ತಿ ನೋಡೋಕೆ ಸುಲಭದ ಟೆಸ್ಟ್ ಇದೆ: ಕೈ ಎದೆ ಮೇಲೆ ಕಟ್ಟಿ, 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತೀವಿ ಅಂತ. ಅಜ್ಜಿಗೆ 71. ಹದಿನಾಲ್ಕು ಸಲ ಎದ್ರು. ನಾನು ಹತ್ತೊಂಬತ್ತು, ಅಂದ್ರೆ ಸರಿಯಾಗಿ ನನ್ನ ವಯಸ್ಸಿನಷ್ಟು, ಆಮೇಲೆ ತೊಡೆ ಹಿಡ್ಕೊಂಡು ಕೂತೆ. "ಕೂತು ಕೂತು ಹಿಂಗಾಗಿದೀಯ ಮಗಾ" ಅಂದ್ರು ಅಜ್ಜಿ. ಬೇಜಾರಾದ್ರೆ ಏನ್ಮಾಡ್ತೀರಿ ಅಂತ ಕೇಳಿದ್ದಕ್ಕೆ, ತೋಟದ ಕಡೆ ಒಂದು ಸುತ್ತು ಹೋಗ್ಬರ್ತೀನಿ ಅಂದ್ರು. ಬೇಜಾರಾದ್ರೆ ನಾನು ಪಿಜಿ ಮಂಚದ ಮೇಲೆ ರೀಲ್ಸ್ ನೋಡ್ತೀನಿ.

ಹೋದ ವರ್ಷ ಮ್ಯಾಥ್ಸ್ ಬ್ಯಾಕ್ ಆದಾಗ ಮೂರು ವಾರ ಹಾಗೇ ಮಲಗಿದ್ದೆ. ಮನೇಲಿ ಹೇಳಿರ್ಲಿಲ್ಲ. ರೂಮ್‌ಮೇಟ್ ಒಂದಿನ ಬೆಳಿಗ್ಗೆ ಎಬ್ಬಿಸಿ ಕುಂದಲಹಳ್ಳಿ ಕೆರೆಗೆ ಎಳ್ಕೊಂಡು ಹೋದ್ಳು. ಸ್ಪೋರ್ಟ್ಸ್ ಶೂ ಹಾಕ್ಕೊಂಡ ಆಂಟಿಯರು, ಐಡಿ ಕಾರ್ಡ್ ಇಲ್ಲದ ಸಾಫ್ಟ್‌ವೇರ್ ಅಂಕಲ್‌ಗಳು, ನಾವಿಬ್ರು. ಎರಡನೇ ವಾರ ನಿದ್ದೆ ಸರಿಹೋಯ್ತು, ಆಮೇಲೆ ಅಮ್ಮನಿಗೆ ಫೋನ್ ಮಾಡಿ ಹೇಳೋ ಧೈರ್ಯ ಬಂತು. ನಡೆದ್ರೆ ಎಲ್ಲ ವಾಸಿಯಾಗುತ್ತೆ ಅಂತ ಹೇಳ್ತಿಲ್ಲ. ತುಂಬಾ ಕಷ್ಟ ಆಗ್ತಿದ್ರೆ ಟೆಲಿ ಮನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ಬಹುದು.

ಇನ್ನೊಂದು ವಿಷ್ಯ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಸಾಕಷ್ಟು ಚಟುವಟಿಕೆ ಇರ್ಲಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ನಮ್ಮ ಗ್ರೌಂಡ್ ನೋಡಿದ್ರೆ ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಸಂಜೆ ಪೂರ್ತಿ ಹುಡುಗರ ಕ್ರಿಕೆಟ್. ನಾವು ಬೌಂಡರಿ ಹತ್ರ ನಿಂತ್ರೂ "ಸೈಡ್ ಸೈಡ್" ಅಂತಾರೆ. ಲೈಟ್ ಇಲ್ಲ, ಆರೂವರೆಗೆ ಗೇಟ್ ಬೀಗ.

ಹೊಸ ಜಿಮ್ ಯಾರೂ ಕೇಳ್ತಿಲ್ಲ. ಟೈಮ್‌ಟೇಬಲ್‌ನಲ್ಲಿ ಇರೋ ಆ ಒಂದು ಗಂಟೆಯನ್ನ ಯಾರೂ ಕಿತ್ಕೋಬಾರ್ದು, ವಾರದಲ್ಲಿ ಎರಡು ಸಂಜೆ ಗ್ರೌಂಡ್ ಹುಡುಗಿಯರಿಗೆ ಬಿಡ್ಬೇಕು, ಅಷ್ಟೇ. ಮುಂದಿನ ಸೆಮ್ ಟೈಮ್‌ಟೇಬಲ್ ಇನ್ನೂ ಬಂದಿಲ್ಲ. ಸಿಆರ್‌ಗಳು ಎಚ್‌ಒಡಿ ಹತ್ರ ಹೋಗೋದಾದ್ರೆ ಪತ್ರ ನಾನೇ ಬರೆದು ಕೊಡ್ತೀನಿ. ಒತ್ತಕ್ಷರ ಮಾತ್ರ ಯಾರಾದ್ರೂ ತಿದ್ದಬೇಕು.